ನಾದದಿಂದ ಬೆಳಕಿಗೆ ನಡೆದ ರಾಮನ್ನರು

ಸರ್ ಚಂದ್ರಶೇಖರ ವೆಂಕಟ ರಾಮನ್ನರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ವರ್ಷಕ್ಕೊಮ್ಮೆ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತವಾಗಿ ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ; ಬೆಳಕಿನ ಚದರಿಕೆಯನ್ನು ಕುರಿತು ಒಂದೆರಡು ಭಾಷಣಗಳಾಗುತ್ತವೆ; ಚಹಾಪಾನದೊಂದಿಗೆ ರಾಮನ್ನರು ಮುಂದಿನ ವರ್ಷದ ವರೆಗೆ ಗೋಡೆಗೆ ಹೋಗುತ್ತಾರೆ. ಕಲಾ ವಿಭಾಗದವನಾದ ನಾನು ಆ ಭಾಷಣಗಳ ಮೂಲಕ ಅವರ ಬಳಿಗೆ ಹೋದವನಲ್ಲ. ನಾನು ಹೋದದ್ದು ಒಂದು ತಗಡಿನ ಪೆಟ್ಟಿಗೆಯ ಮೇಲಿನ ಟೋನ್ ಗುಂಡಿಯ ದೆಸೆಯಿಂದ. ಆದಕಾರಣ ಈ ಲೇಖನದಲ್ಲಿ ನೊಬೆಲ್ ಪಾರಿತೋಷಕದ ರಾಮನ್ನರಿಗಿಂತ ಪಿಟೀಲು, ತಂಬೂರಿ, ಮೃದಂಗಗಳ ರಾಮನ್ನರೇ ಹೆಚ್ಚು ಸ್ಥಳವನ್ನು ಆಕ್ರಮಿಸಿದ್ದಾರೆ. ವಿಜ್ಞಾನದ ಅಧ್ಯಾಪಕರು ಇದನ್ನು ಮನ್ನಿಸಬೇಕು.

ಪೆಟ್ಟಿಗೆಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿ. ನಮ್ಮ ಓಣಿಯ ಭಜನೆಯ ಮೇಳದಲ್ಲಿ ಹಿಂದಿನಿಂದಲೂ ಏಕತಾರಿ, ದಮ್ಮಡಿ, ತಾಳಗಳಿವೆ. ಈಚೆಗೆ ನಮ್ಮ ಚಿಕ್ಕಪ್ಪನ ಮಗನ ವಿದ್ಯುತ್ ಗಿಟಾರವೂ ಅದರಲ್ಲಿ ಬಂದು ಕೂಡಿಕೊಂಡಿದೆ. ಗಿಟಾರಕ್ಕೂ ಧ್ವನಿವರ್ಧಕಕ್ಕೂ ನಡುವೆ, ಕಾಲ ಬಳಿ ಇಟ್ಟುಕೊಳ್ಳುವ ಒಂದು ಚಿಕ್ಕ ಪೆಟ್ಟಿಗೆಯುಂಟು. ಇದಕ್ಕೆ ಪೆಡಲ್ ಎನ್ನುತ್ತಾರೆ. ಕಾಲಿನಿಂದ ಅದುಮಿದರೆ ತಂತಿಯ ಮೆಲುದನಿಯು ಒರಟಾಗಿ ಮೊಳಗತೊಡಗುತ್ತದೆ. ಕೊಂಡು ತರುವಷ್ಟು ದುಡ್ಡು ನಮ್ಮಲ್ಲಿರಲಿಲ್ಲವಾದ್ದರಿಂದ ಹಳೆಯ ರೇಡಿಯೋಗಳಿಂದ ಕಿತ್ತ ಸಾಮಾನುಗಳಿಂದ ಅದನ್ನು ಮನೆಯಲ್ಲಿಯೇ ಬೆಸೆದೆವು. ಅದು ಮೊಳಗಿತೇನೋ ನಿಜ. ಆದರೆ ಅದರ ಮೊಳಗಿನಲ್ಲಿ ಹಾಡುವವರ ಪದವೂ ಏಕತಾರಿಯೂ ಮುಳುಗಿಹೋದವು. ನಲವತ್ತು ವರ್ಷ ಏಕತಾರಿ ಮೀಟಿದ ಹಿರಿಯರೊಬ್ಬರು ಯಾರಿಗೂ ಏನೂ ಅನ್ನದೆ ಅದನ್ನು ಗೂಟಕ್ಕೆ ತೂಗುಹಾಕಿ ಬರಿಯ ತಾಳವನ್ನು ಹಿಡಿದು ಕೂಡ್ರತೊಡಗಿದರು. ಗಿಟಾರವನ್ನು ಓಡಿಸದೆ ಏಕತಾರಿಗೆ ಎಡೆ ಮಾಡಿಕೊಡುವುದು ಹೇಗೆ? ಈ ಪ್ರಶ್ನೆಯೇ ನನ್ನನ್ನು ವಾಚನಾಲಯಕ್ಕೆ ಅಟ್ಟಿತು. ಅಲ್ಲಿ ನನಗೆ ದೊರೆತವರು ರಾಮನ್ನರು.

ಅವರು ಹುಟ್ಟಿದ್ದು 1888ನೆಯ ಇಸವಿ ನವೆಂಬರ 7ರಂದು, ತಿರುಚಿನಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರ ಮನೆಯಲ್ಲಿ ಎರಡು ಸಂಪತ್ತುಗಳಿದ್ದವು. ಒಂದು ಪುಸ್ತಕಗಳು, ಇನ್ನೊಂದು ಪಿಟೀಲು. ಮಗನು ಎರಡನ್ನೂ ಬಿಡಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಆದರು. ವಿದ್ಯಾರ್ಥಿಯಾಗಿರುವಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನವು ವಿಲಾಯತಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1907ರಲ್ಲಿಯೇ ವೀಣೆ ಬಲ್ಲ ಲೋಕಸುಂದರಿಯವರೊಡನೆ ವಿವಾಹವಾಯಿತು. ಅದೇ ವರ್ಷ ಹಣಕಾಸಿನ ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲಕತ್ತೆಗೆ ಹೋದರು. ಆ ಕಾಲಕ್ಕೆ ಬುದ್ಧಿವಂತ ಹುಡುಗನಿಗೆ ಅದಕ್ಕಿಂತ ಭದ್ರವಾದ ದಾರಿ ಇರಲಿಲ್ಲ. ಪ್ರಯೋಗಶಾಲೆಗಳು ಕೆಲವೇ, ಇದ್ದವುಗಳಲ್ಲಿಯೂ ಭಾರತೀಯನಿಗೆ ಆಸನ ವಿರಳ.

ಕಲಕತ್ತೆಯ ಬೌ ಬಜಾರ ರಸ್ತೆಯಲ್ಲಿ ಮಹೇಂದ್ರಲಾಲ ಸರಕಾರರು 1876ರಲ್ಲಿ ಸ್ಥಾಪಿಸಿದ ಒಂದು ವಿಜ್ಞಾನ ಸಂಘವಿತ್ತು. ಅದರ ಫಲಕವು ಟ್ರಾಮಿನಲ್ಲಿ ಹೋಗುತ್ತಿದ್ದ ತರುಣ ಅಧಿಕಾರಿಯ ಕಣ್ಣಿಗೆ ಬಿದ್ದಿತು. ಅಂದಿನಿಂದ ಹತ್ತು ವರ್ಷಗಳ ದಿನಚರಿಯನ್ನು ನೆನೆದರೆ ಸೋಜಿಗವಾಗುತ್ತದೆ. ಬೆಳಗು ಮುಂಜಾವಿನಲ್ಲಿ ಸಂಘದ ಕೊಠಡಿ. ಹಗಲೆಲ್ಲ ಸರಕಾರದ ಲೆಕ್ಕಪತ್ರ. ಸಂಜೆ ಕಚೇರಿಯಿಂದ ನೇರವಾಗಿ ಮತ್ತೆ ಸಂಘಕ್ಕೆ. ನಡುವೆ ರಂಗೂನು, ನಾಗಪುರಗಳಿಗೆ ವರ್ಗವಾಗಿ 1911ರಲ್ಲಿ ಕಲಕತ್ತೆಗೇ ಮರಳಿ ಬಂದರು. ಅಲ್ಲಿ ಅವರಿಗೆ ಕೈಯಾಳಾಗಿ, ಅನಂತರ ಸಹೋದ್ಯೋಗಿಯಾಗಿ ದೊರೆತವರು ಆಶುತೋಷ ದೇ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ಆಶುಬಾಬುಗಳ ಹೆಸರು ಸಂಶೋಧನ ಲೇಖನಗಳ ಮೇಲೆ ಅಚ್ಚಾಗಿದೆ. ಪದವಿಯನ್ನೇ ಸರ್ವಸ್ವವೆಂದು ತಿಳಿಯುವ ನಾವು ಈ ಮಾತನ್ನು ಗಮನಿಸಬಹುದು.

ಬಡ ಪ್ರಯೋಗಶಾಲೆಗೆ ತಕ್ಕ ವಿಷಯವನ್ನು ರಾಮನ್ನರು ಆರಿಸಿಕೊಂಡರು. ಅದು ನಾದ. ತಂತಿ, ಚರ್ಮ, ಕಟ್ಟಿಗೆ, ಮರಳು, ಒಂದು ಛಾಯಾಚಿತ್ರದ ಕ್ಯಾಮರಾ. ಇಷ್ಟಿದ್ದರೆ ಕೆಲಸ ನಡೆಯುತ್ತದೆ. 1909ರಲ್ಲಿ ಅವರು ಬರೆದ ಒಂದು ಲೇಖನದ ವಿಷಯವನ್ನು ಓದಿ ನಾನು ಓದುತ್ತಿದ್ದ ಬೆಂಚಿನಿಂದ ಎದ್ದುಬಿಟ್ಟೆ. ಅದು ಏಕತಾರಿಯನ್ನು ಕುರಿತದ್ದು! ನಮ್ಮಲ್ಲಿ ತತ್ತ್ವಪದದವರ ಹೆಗಲಿಗೆ ಜೋತುಬಿದ್ದಿರುವ ಅದೇ ವಾದ್ಯ. ಏಕತಾರಿಯ ತಂತಿಯು ಚರ್ಮದ ನಡುವಿನಿಂದ ನೆಟ್ಟಗೆ ಮೇಲೆ ಹೋಗುತ್ತದೆ. ತಂತಿಯು ಎಡಕ್ಕೆ ಸರಿದರೂ ಬಿಗಿಯುತ್ತದೆ, ಬಲಕ್ಕೆ ಸರಿದರೂ ಬಿಗಿಯುತ್ತದೆ. ಅಂದರೆ ತಂತಿಯು ಒಂದು ಸಲ ಹೋಗಿ ಬರುವಷ್ಟರಲ್ಲಿ ಚರ್ಮವು ಎರಡು ಸಲ ಎಳೆಯಲ್ಪಡುತ್ತದೆ. ತಂತಿಯ ಸ್ವರದ ಜೊತೆಗೆ ಅದರ ಮೇಲಿನ ಸಪ್ತಕದ ಸ್ವರವೂ ಹುಟ್ಟುತ್ತದೆ. ಇಂದು ಗಿಟಾರದವರು ಡಯೋಡುಗಳನ್ನು ಜೋಡಿಸಿ ಪೆಡಲಿನಲ್ಲಿ ತರುವ ಮೇಲಿನ ಸಪ್ತಕವನ್ನು ನಮ್ಮ ಏಕತಾರಿಯು ಸೋರೆಯ ಬುರುಡೆಯಿಂದಲೇ ತರುತ್ತಿದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳನ್ನೂ ನುಡಿಯುತ್ತದೆ. ಇವುಗಳ ಹೆಚ್ಚುಕಡಿಮೆಯೇ ನಾದಗುಣ. ಷಡ್ಜ ಒಂದೇ ಆದರೂ ಕೊಳಲಿನ ಷಡ್ಜ ಬೇರೆ, ಪಿಟೀಲಿನ ಷಡ್ಜ ಬೇರೆ ಎನಿಸುವುದು ಇದರಿಂದ. ಟೋನ್ ಗುಂಡಿಯ ಕೆಲಸವೂ ಇಷ್ಟೇ: ಉಪಸ್ವರಗಳ ಈ ಹಂಚಿಕೆಯನ್ನು ಬದಲಿಸುವುದು.

1917ರಲ್ಲಿ ರಾಮನ್ನರು ಪಿಟೀಲಿನ ಮ್ಯೂಟಿನಿಂದ ನಾದಗುಣವು ಹೇಗೆ ಬದಲಾಗುತ್ತದೆಂಬುದನ್ನು ಕುರಿತು ನೇಚರ್ ಪತ್ರಿಕೆಗೆ ಬರೆದರು. ಮ್ಯೂಟ್ ಎಂದರೆ ಪಿಟೀಲಿನ ಕುದುರೆಯ ಮೇಲೆ ಸಿಕ್ಕಿಸುವ ಒಂದು ಸಣ್ಣ ಭಾರ. ಭಾರ ಹೆಚ್ಚಿದಂತೆ ಕುದುರೆಯು ಚುರುಕಾಗಿ ಕುಣಿಯಲಾರದು. ಮೇಲಿನ ಉಪಸ್ವರಗಳು ಕುಗ್ಗಿ ದನಿಯು ಮಬ್ಬಾಗುತ್ತದೆ. ಅದೇ ವರ್ಷ ಅವರು ಸರಕಾರದ ದೊಡ್ಡ ಸಂಬಳವನ್ನು ಬಿಟ್ಟು, ಕಡಿಮೆ ಸಂಬಳದ ಪಾಲಿತ ಪ್ರಾಧ್ಯಾಪಕತ್ವವನ್ನು ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ವಹಿಸಿಕೊಂಡರು. 1918ರಲ್ಲಿ ಕಮಾನಿನಿಂದ ನುಡಿಸುವ ತಂತಿಗಳ ಕಂಪನವನ್ನು ಕುರಿತ ದೊಡ್ಡ ಪ್ರಬಂಧವು ಹೊರಬಂದಿತು. ಮನುಷ್ಯನ ಕೈಯ ಒತ್ತಡ ಪ್ರತಿ ಸಲ ಒಂದೇ ಇರುವುದಿಲ್ಲವೆಂದು ಅವರು ಸಂಘದ ಕಾರ್ಖಾನೆಯಲ್ಲಿಯೇ ಪಿಟೀಲು ನುಡಿಸುವ ಒಂದು ಯಂತ್ರವನ್ನು ಮಾಡಿಸಿದರು. ಅದರಲ್ಲಿ ಕಮಾನು ನಿಂತಲ್ಲಿಯೇ ಇರುತ್ತದೆ, ಪಿಟೀಲೇ ಹಿಂದೆ ಮುಂದೆ ಓಡುತ್ತದೆ. ಸಂಗೀತಗಾರರು ನೋಡಿದ್ದರೆ ನಕ್ಕಾರು; ಆದರೆ ಎಷ್ಟು ವೇಗಕ್ಕೆ ಎಷ್ಟು ಒತ್ತಡ ಬೇಕೆಂಬುದು ಅಳತೆಗೆ ಸಿಕ್ಕಿದ್ದು ಹೀಗೆ.

ಕುದುರೆಯ ಮೇಲೆ ಭಾರವು ಮಾಡುವ ಕೆಲಸವನ್ನು ನಮ್ಮ ಪೆಟ್ಟಿಗೆಯಲ್ಲಿ ಒಂದು ಕೆಪ್ಯಾಸಿಟರ್ ಮಾಡುತ್ತದೆ. ದಾರಿಯಲ್ಲಿ ಒಂದು ರೆಸಿಸ್ಟರನ್ನು ಇಟ್ಟು, ಅದರ ಮುಂದಿನ ತುದಿಯಿಂದ ನೆಲಕ್ಕೆ ಒಂದು ಕೆಪ್ಯಾಸಿಟರನ್ನು ಜೋಡಿಸಿದರೆ ಮುಗಿಯಿತು. ವೇಗದ ಕಂಪನಗಳು ಕೆಪ್ಯಾಸಿಟರಿನ ಮೂಲಕ ನೆಲಕ್ಕೆ ಇಳಿದುಹೋಗುತ್ತವೆ. ನಿಧಾನದವು ಮುಂದೆ ಸಾಗುತ್ತವೆ. ಎಲ್ಲಿಂದ ಕುಗ್ಗಬೇಕೆಂಬುದನ್ನು ತಿಳಿಯಲು ಎರಡು ಪೈ, ರೆಸಿಸ್ಟರಿನ ಬೆಲೆ, ಕೆಪ್ಯಾಸಿಟರಿನ ಬೆಲೆ ಇವುಗಳನ್ನು ಗುಣಿಸಿ, ಬಂದ ಸಂಖ್ಯೆಯಿಂದ ಒಂದನ್ನು ಭಾಗಿಸತಕ್ಕದ್ದು. 1 ಕಿಲೋ ಓಮ್ ಮತ್ತು 0.22 ಮೈಕ್ರೋಫ್ಯಾರಡ್ ಇಟ್ಟರೆ ಸೆಕೆಂಡಿಗೆ ಸುಮಾರು 723 ಕಂಪನಗಳು ಬರುತ್ತವೆ. ಅಲ್ಲಿ ದನಿಯು ನೂರಕ್ಕೆ ಎಪ್ಪತ್ತಕ್ಕೆ ಇಳಿದಿರುತ್ತದೆ. ಅದರಾಚೆ ವೇಗವು ಇಮ್ಮಡಿಯಾದಂತೆಲ್ಲ ದನಿ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಗಿಟಾರದ ದಪ್ಪ ತಂತಿಯು ಬಿಟ್ಟು ಮೀಟಿದಾಗ 82, ತೆಳು ತಂತಿಯು 330 ಕಂಪನಗಳನ್ನು ನುಡಿಯುತ್ತದೆ. ಆದ್ದರಿಂದ 723ರ ಕಡಿತವು ಆ ಮೂಲ ಸ್ವರಗಳನ್ನು ಬಹಳ ಮಟ್ಟಿಗೆ ಉಳಿಸಿ, ಮೇಲಿನ ಉಪಸ್ವರಗಳ ಚೂಪನ್ನು ಮಾತ್ರ ಉಜ್ಜುತ್ತದೆ. ಇಂಥ ಮಂಡಲಗಳಲ್ಲಿ ಹೆಚ್ಚು ಜಾಣತನದವೂ ಇವೆ. ಬ್ಯಾಕ್ಸಂಡಾಲ್ ಎಂಬ ಆಂಗ್ಲ ಇಂಜಿನಿಯರರು 1952ರಲ್ಲಿ ಪ್ರಕಟಿಸಿದ ಮಂಡಲದಲ್ಲಿ ತಗ್ಗಿಗೆ ಒಂದು, ಹೆಚ್ಚಿಗೆ ಒಂದು ಎಂದು ಎರಡು ಗುಂಡಿಗಳು. ತಗ್ಗಿಸಲೂ ಬರುತ್ತದೆ, ಏರಿಸಲೂ ಬರುತ್ತದೆ. ಆದರೆ ಏರಿಸಿದರೂ ಇದ್ದದ್ದನ್ನೇ ಏರಿಸಬೇಕಲ್ಲದೆ ಇಲ್ಲದ ಉಪಸ್ವರವನ್ನು ಅದು ತರಲಾರದು.

ಈ ಭೇದದ ಮಹತ್ವವು ನನಗೆ ಗೊತ್ತಾದದ್ದು ರಾಮನ್ನರ ತಂಬೂರಿಯ ಲೇಖನದಿಂದ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಂಬೂರಿಯ ಶ್ರುತಿಯನ್ನು ಕೇಳಿದವರಿಗೆ ಅದರ ಜೇನುಹುಳದ ಝೇಂಕಾರವನ್ನು ಬಣ್ಣಿಸಬೇಕಾದುದಿಲ್ಲ. ತಂಬೂರಿಯ ಕುದುರೆಯು ಪಿಟೀಲಿನದರಂತೆ ಚೂಪಾಗಿಲ್ಲ. ಅಗಲವಾಗಿ, ತುಸು ಬಾಗಿ, ಮಲಗಿದಂತಿದೆ. ಅದರ ಮೇಲೆ ತಂತಿಯ ಕೆಳಗೆ ಒಂದು ನೂಲಿನೆಳೆಯನ್ನು ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ನೆಲೆಯಲ್ಲಿ ತಂತಿಯು ಒಮ್ಮೆಲೆ ಬಾಯಿ ಬಿಟ್ಟು ಹಾಡತೊಡಗುತ್ತದೆ. ಇದೇ ಜೀವಾಳಿ. ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ಪಂಡಿತರು ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿಯೇ ಒಂದು ನಿಯಮವನ್ನು ಹೇಳಿದ್ದರು. ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಅಲ್ಲಿ ಯಾವ ಉಪಸ್ವರವು ನಿಶ್ಚಲವಾಗಿರಬೇಕೋ ಆ ಉಪಸ್ವರವು ಹುಟ್ಟುವುದಿಲ್ಲ ಎಂಬುದೇ ಅದು. ನಟ್ಟನಡುವೆ ಮೀಟಿದರೆ ಎರಡು ಪಟ್ಟಿನ ಉಪಸ್ವರವು ಕೇಳಬಾರದು. ಆದರೆ ತಂಬೂರಿಯಲ್ಲಿ, ವೀಣೆಯಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆಂದು ರಾಮನ್ನರು 1921ರಲ್ಲಿ ತೋರಿಸಿದರು. ತಂತಿಯು ಪ್ರತಿಯೊಂದು ಕಂಪನದಲ್ಲಿಯೂ ಅಗಲ ಕುದುರೆಯನ್ನು ಮುಟ್ಟಿ ಬಿಡುತ್ತದೆ. ಆ ಮುಟ್ಟುವಿಕೆಯಿಂದ, ಮೀಟಿದಾಗ ಇಲ್ಲದ ಉಪಸ್ವರಗಳು ಆಮೇಲೆ ಹುಟ್ಟುತ್ತವೆ. ಪುಸ್ತಕದ ನಿಯಮಕ್ಕೂ ಕಿವಿಗೂ ಜಗಳ ಬಂದಾಗ ಅವರು ಕಿವಿಯನ್ನು ನಂಬಿ, ನಿಯಮವು ಎಲ್ಲಿ ನಿಲ್ಲುತ್ತದೆಂಬುದನ್ನು ಹುಡುಕಿದರು. ಜೀವಾಳಿಯನ್ನು ಹಚ್ಚಿದ ಹೆಸರಿಲ್ಲದ ಕುಶಲಿಗರನ್ನು ಅವರು ಕಡೆಗಣಿಸಲಿಲ್ಲ.

ಮ್ಯೂಟ್ ಕಳೆಯುತ್ತದೆ, ಜೀವಾಳಿ ಕೂಡಿಸುತ್ತದೆ. ನಮ್ಮ ಪೆಡಲಿನ ಒಳಗಿನ ಗುಟ್ಟೂ ಇದೇ. ಅದರ ಮೊದಲ ಭಾಗದಲ್ಲಿ ಟ್ರಾನ್ಸಿಸ್ಟರುಗಳು ಅಲೆಯ ನೆತ್ತಿಯನ್ನು ಕತ್ತರಿಸಿ ಹೊಸ ಉಪಸ್ವರಗಳನ್ನು ಹುಟ್ಟಿಸುತ್ತವೆ. ಆಮೇಲೆ ಟೋನ್ ಗುಂಡಿಯು ಬೇಡವಾದವುಗಳನ್ನು ಕಳೆಯುತ್ತದೆ. ಗುಂಡಿಯನ್ನು ಮೊದಲು ಇಟ್ಟರೆ, ಕಳೆದದ್ದಕ್ಕೆ ಪ್ರತಿಯಾಗಿ ಟ್ರಾನ್ಸಿಸ್ಟರುಗಳು ಮತ್ತೆ ಹುಟ್ಟಿಸಿಬಿಡುತ್ತವೆ. ಆದಕಾರಣ ಅದು ಕೊನೆಯಲ್ಲಿರಬೇಕು. ಏಕತಾರಿಗೆ ಎಡೆ ಮಾಡುವ ಪ್ರಶ್ನೆಗೆ ನಾವು ಕಂಡ ಉತ್ತರವೂ ಕಳೆಯುವುದರದೇ. ಅಮೆರಿಕದ ಒಂದು ಹಳೆಯ ಪೆಡಲಿನಲ್ಲಿ ದಾರಿಯನ್ನು ಎರಡಾಗಿ ಸೀಳಿದ್ದಾರೆ. ಒಂದು ಕವಲಿನಲ್ಲಿ 39 ಕಿಲೋ ಓಮ್ ಮತ್ತು 0.01 ಮೈಕ್ರೋಫ್ಯಾರಡ್, ಇದು 408ರ ಮೇಲಿನದನ್ನು ಕುಗ್ಗಿಸುತ್ತದೆ. ಇನ್ನೊಂದರಲ್ಲಿ 0.0039 ಮೈಕ್ರೋಫ್ಯಾರಡ್ ಮತ್ತು 22 ಕಿಲೋ ಓಮ್. ಇದು ಸುಮಾರು 1850ರ ಕೆಳಗಿನದನ್ನು ಕುಗ್ಗಿಸುತ್ತದೆ. ಎರಡರ ನಡುವೆ 100 ಕಿಲೋ ಓಮಿನ ಒಂದೇ ಗುಂಡಿ. ಗುಂಡಿಯು ನಡುವಿಗೆ ಬಂದಾಗ 1000ದ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ಮನುಷ್ಯನ ಮಾತಿನ ತಿರುಳು ಹೆಚ್ಚಾಗಿ ಇರುವುದು ಆ ತಗ್ಗಿನ ಸುತ್ತಮುತ್ತಲೇ. ಗಿಟಾರದವರು ಇದನ್ನು ಪೆಡಲಿನ ದೋಷವೆಂದು ದೂರುವುದುಂಟು. ಭಜನೆಗೆ ಮಾತ್ರ ಅದೇ ಗುಣವಾಯಿತು. ಗಿಟಾರವು ಕೆಳಗೆ ಗುಡುಗಿ ಮೇಲೆ ಮಿನುಗಿ, ನಡುವಿನ ಕಟ್ಟೆಯನ್ನು ಪದಕ್ಕೆ ಬಿಟ್ಟುಕೊಟ್ಟಿತು. ಏಕತಾರಿಯು ಗೂಟದಿಂದ ಇಳಿಯಿತು.

ಇನ್ನು ಬೆಳಕಿನ ಮಾತು. 1921ರಲ್ಲಿ ರಾಮನ್ನರು ವಿಶ್ವವಿದ್ಯಾಲಯಗಳ ಸಮ್ಮೇಲನಕ್ಕಾಗಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸಂತ ಪಾಲರ ಮಂದಿರದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಅಲ್ಲಿಯೂ ನಾದವನ್ನೇ ಪರೀಕ್ಷಿಸಿದರು. ಮರಳುವಾಗ ಹಡಗಿನಿಂದ ಕಂಡ ಕಡಲ ನೀಲಿಯು ಅವರನ್ನು ಬೆಳಕಿನ ಕಡೆಗೆ ತಿರುಗಿಸಿತೆಂಬುದು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಅಲ್ಲಿ ಇಲ್ಲದ ಒಂದು ಅಂಶವನ್ನು ಹೇಳುತ್ತೇನೆ. ಕಲಕತ್ತೆಯಲ್ಲಿ ಅವರೂ ಅವರ ಶಿಷ್ಯರೂ ಬಿಸಿಲಿನ ಕಿರಣದ ದಾರಿಯಲ್ಲಿ ನೇರಳೆಯನ್ನು ಮಾತ್ರ ಬಿಡುವ ಒಂದು ಗಾಜನ್ನಿಟ್ಟು ದ್ರವದ ಮೇಲೆ ಬೀಳಿಸುತ್ತಿದ್ದರು. ದ್ರವದಿಂದ ಬರುವ ಬೆಳಕಿನ ಮುಂದೆ, ಆ ನೇರಳೆಯನ್ನು ತಡೆಯುವ ಇನ್ನೊಂದು ಗಾಜನ್ನಿಡುತ್ತಿದ್ದರು. ಗಾಜು ಕಳೆಯಬಲ್ಲದೇ ಹೊರತು ಕೂಡಿಸಲಾರದು. ಹಾಗಾದರೆ ಎರಡನೆಯ ಗಾಜಿನಾಚೆ ಕತ್ತಲೆಯಿರಬೇಕು. ಇರಲಿಲ್ಲ, ಮಸುಕಾದ ಬೆಳಕು ಇತ್ತು. ದ್ರವವೇ ಹೊಸ ಬಣ್ಣವನ್ನು ಹುಟ್ಟಿಸುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1928ರ ಫೆಬ್ರುವರಿ 28ರಂದು, ಕೆ. ಎಸ್. ಕೃಷ್ಣನ್ನರು ಜೊತೆಯಲ್ಲಿದ್ದ ಆ ಕೆಲಸವು ಖಚಿತವಾಯಿತು; 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ತಂಬೂರಿಯ ಮುಂದೆ ಕುಳಿತು ಇಲ್ಲದ ಉಪಸ್ವರವನ್ನು ಕೇಳಿದ ಕಿವಿಗೆ, ಇರಬಾರದ ಬೆಳಕನ್ನು ಕಂಡಾಗ ಅದು ಗಾಜಿನ ಕೊಳೆಯೆಂದು ತಳ್ಳಿಹಾಕುವ ಮನಸ್ಸಾಗಲಿಲ್ಲವೆಂದು ನಾನು ಭಾವಿಸುತ್ತೇನೆ. ಇದು ನನ್ನ ಊಹೆ, ಭೌತಶಾಸ್ತ್ರದವರು ತಿದ್ದಬಹುದು.

1933ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅಂದಿನಿಂದ ಕೊನೆಯ ವರೆಗೆ, ಮೂವತ್ತೇಳು ವರ್ಷ, ಅವರು ಕನ್ನಡ ನಾಡಿನ ನಿವಾಸಿಗಳು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯಲ್ಲಿ ಮೃದಂಗ, ತಬಲಾಗಳನ್ನು ಕುರಿತು ಬರೆದರು. ಕಲಕತ್ತೆಯಲ್ಲಿ 1920ರಲ್ಲಿಯೇ ಆರಂಭಿಸಿದ ಕೆಲಸವಿದು. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಕಂಪನಗಳು 1, 1.59, 2.14, 2.30 ಎಂಬ ಒಗ್ಗದ ಪ್ರಮಾಣದಲ್ಲಿರುತ್ತವೆ. ಆದ್ದರಿಂದ ಡೊಳ್ಳು ನಗಾರಿಗಳು ಸದ್ದು ಮಾಡುತ್ತವಲ್ಲದೆ ಸ್ವರ ಹಿಡಿಯುವುದಿಲ್ಲ. ಮೃದಂಗದ ನಡುವೆ ಪದರು ಪದರಾಗಿ ಹಚ್ಚುವ ಕರಣೆಯು ಈ ಪ್ರಮಾಣವನ್ನೇ ತಿದ್ದುತ್ತದೆ. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಚೆಲ್ಲಿ, ಅದು ನಿಂತ ಗೆರೆಗಳನ್ನು ನೋಡಿ, ಒಂಬತ್ತು ಬಗೆಯ ಕಂಪನಗಳು ಕೂಡಿ ಐದು ಸುಸಂಗತ ಸ್ವರಗಳಾಗುತ್ತವೆಂದು ಅವರು ತೋರಿಸಿದರು. ಮೃದಂಗದ ಎಡಕ್ಕೆ ಕಚೇರಿಗೆ ಮುಂಚೆ ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯುವ ಹಸಿ ಹಿಟ್ಟೂ ಒಂದು ಟೋನ್ ಗುಂಡಿಯೇ ಅಲ್ಲವೆ?

ಮಹಾಪುರುಷರ ಚರಿತ್ರೆಯಲ್ಲಿ ಬರಿಯ ಹೊಗಳಿಕೆಯನ್ನು ತುಂಬುವುದು ನನಗೆ ಸೇರದು. ರಾಮನ್ನರು ಮುಂಗೋಪಿಗಳು, ಇತರರ ಅಭಿಪ್ರಾಯಕ್ಕೆ ಕಿವಿಗೊಡುವುದು ಕಡಿಮೆ. 1933ರಲ್ಲಿ ಮುಂಬಯಿಯಿಂದ ಬಂದ ಕಮಲಾ ಭಾಗವತರನ್ನು, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರನ್ನು, ಹೆಂಗಸೆಂಬ ಕಾರಣಕ್ಕಾಗಿಯೇ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷದ ಪರೀಕ್ಷಾ ಅವಧಿಯ ಮೇಲೆ ಒಳಗೆ ಬಿಟ್ಟರು. ಆಕೆಯ ಕೆಲಸವನ್ನು ಕಂಡ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತೆನ್ನಿ. ತಂತಿಯ ವಿಷಯದಲ್ಲಿ ನಿಯಮಕ್ಕಿಂತ ಅನುಭವವನ್ನು ನಂಬಿದವರು ಇಲ್ಲಿ ಅನುಭವ ಬರುವ ಮೊದಲೇ ತೀರ್ಪು ಕೊಟ್ಟರು. ಸಂಸ್ಥೆಯ ಆಡಳಿತದಲ್ಲಿಯೂ ಘರ್ಷಣೆಗಳಾಗಿ 1937ರಲ್ಲಿ ನಿರ್ದೇಶಕತ್ವವನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರ ವರೆಗೆ ಅಲ್ಲಿಯೇ ಉಳಿದರು.

ನಿವೃತ್ತಿಯ ಅನಂತರ, ಮೈಸೂರು ಮಹಾರಾಜರು ಹಿಂದೆ ಕೊಟ್ಟಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ನಡೆಸಿದರು. ವಜ್ರ, ಮುತ್ತು, ಹೂವಿನ ಬಣ್ಣ, ಕಣ್ಣಿನ ದೃಷ್ಟಿ, ಹೀಗೆ ಆಸಕ್ತಿಯು ಹರಿಯಿತು. 1954ರಲ್ಲಿ ಭಾರತರತ್ನವಾಯಿತು. ವರ್ಷಕ್ಕೊಮ್ಮೆ ಗಾಂಧಿ ಸ್ಮಾರಕ ಉಪನ್ಯಾಸವನ್ನು ಅಲ್ಲಿ ಕೊಡುತ್ತಿದ್ದರು. 1970ರ ಅಕ್ಟೋಬರ 2ರಂದು ಕೊಟ್ಟ ಕೊನೆಯ ಉಪನ್ಯಾಸದಲ್ಲಿ ಎಂಬತ್ತೆರಡರ ಅಂಚಿನಲ್ಲಿದ್ದ ಅವರು ಆರಿಸಿಕೊಂಡ ವಿಷಯ ಕಿವಿ: ಒಳಗಿವಿಯ ಶಂಖವು ನಾದವನ್ನು ಹೇಗೆ ಅರಿಯುತ್ತದೆಂಬುದು. ಏಕತಾರಿಯಿಂದ ಹೊರಟವರು ಅರವತ್ತೊಂದು ವರ್ಷಗಳ ಮೇಲೆ ಅದನ್ನು ಕೇಳುವ ಅಂಗಕ್ಕೆ ಬಂದು ಮುಟ್ಟಿದ್ದರು. ಅದೇ ನವೆಂಬರ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಕಲ್ಲು ನಿಲ್ಲಿಸಲಿಲ್ಲ, ಒಂದು ಮರವನ್ನು ನೆಟ್ಟರು.